ಮೋರ್ಯರ ಗುಡ್ಡ ಹತ್ತುವ ಮುಂಚೆ ಇಷ್ಟು ತಿಳಿದುಕೊಳ್ಳಿ

ಹಂಪಿಗೆ ಬಂದವರು ಹೊಳೆ ದಾಟಿ ಆನೆಗೊಂದಿ ನೋಡುತ್ತಾರೆ, ಅಂಜನಾದ್ರಿ ಮೆಟ್ಟಿಲು ಹತ್ತುತ್ತಾರೆ, ಅಲ್ಲಿಗೆ ಮುಗಿಯಿತು ಅಂತ ವಾಪಸ್ ಹೋಗುತ್ತಾರೆ. ಅದೇ ಗಂಗಾವತಿ ತಾಲ್ಲೂಕಿನಲ್ಲಿ ಹಿರೇಬೆಣಕಲ್ ಅಂತ ಒಂದು ಊರಿದೆ. ಆ ಊರಿನ ಹಿಂದಿನ ಗುಡ್ಡದ ಮೇಲೆ ಸುಮಾರು 400 ಕಲ್ಲಿನ ರಚನೆಗಳು ನಿಂತಿವೆ. ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು ಅಂತ ತಿಳಿದವರು ಹೇಳುತ್ತಾರೆ. ಅಂದರೆ ಹಂಪಿಯಲ್ಲಿ ವಿಜಯನಗರ ಹುಟ್ಟುವ ಹೊತ್ತಿಗೇ ಈ ಕಲ್ಲುಗಳಿಗೆ ಒಂದೂವರೆ ಸಾವಿರ ವರ್ಷ ದಾಟಿತ್ತು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೂ ಇದು ಸೇರಿದೆ. ಆದರೂ ಇಲ್ಲಿಗೆ ರಸ್ತೆ ಇಲ್ಲ, ಮೆಟ್ಟಿಲಿಲ್ಲ. ಕುರುಚಲು ಕಾಡಿನೊಳಗೆ ಬಂಡೆ ಹತ್ತಿ ಇಳಿದು ನಡೆದೇ ಹೋಗಬೇಕು.

ಊರವರು ಇದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ, ಏಳು ಗುಡ್ಡ ಅಂತಲೂ ಕರೆಯುವುದುಂಟು. ಮೋರ್ಯರು ಅಂದರೆ ಮೊಣಕಾಲೆತ್ತರದ ಕುಳ್ಳ ಜನ, ಬೆಂಕಿ ಮಳೆ ಬರುತ್ತದೆ ಅಂತ ಹೆದರಿ ಈ ಕಲ್ಲಿನ ಮನೆ ಕಟ್ಟಿಕೊಂಡರು ಅನ್ನೋ ಕತೆ ಈ ಕಡೆ ಇದೆ. ಬೇರೆ ಕಡೆ ಇಂಥವನ್ನೇ ಪಾಂಡವರ ಮನೆ ಅನ್ನುತ್ತಾರೆ. ನಿಜದಲ್ಲಿ ಇವು ಕಬ್ಬಿಣದ ಬಳಕೆ ಶುರುವಾದ ಕಾಲದ ಜನ ಸತ್ತವರ ನೆನಪಿಗೆ ಕಟ್ಟಿದ ಕಲ್ಗೋರಿಗಳು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಅಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನೋದೆಲ್ಲ ಇದರ ಮೇಲೇ ನಿಂತಿದೆ. ನೀವು ಹೋಗುತ್ತಿರುವುದು ಒಂದು ಸ್ಮಶಾನಕ್ಕೆ.

ಮೊದಲು ಯಾವಾಗ ಹೋಗಬೇಕು ನೋಡೋಣ. ನವೆಂಬರ್‌ನಿಂದ ಫೆಬ್ರವರಿ ಮೊದಲ ವಾರಗಳವರೆಗೆ ಒಳ್ಳೆಯ ಕಾಲ. ಮಾರ್ಚ್ ಆದ ಮೇಲೆ ಕೊಪ್ಪಳ ಸೀಮೆಯ ಬಿಸಿಲು ಗೊತ್ತಲ್ವಾ, ಮೇ ಹೊತ್ತಿಗೆ 40 ಡಿಗ್ರಿ ಮುಟ್ಟುತ್ತದೆ. ಗಾಳಿಯ ಬಿಸಿಗಿಂತ ಬಂಡೆಯ ಬಿಸಿ ಜಾಸ್ತಿ ಕಾಡುತ್ತದೆ. ಕಾದ ಬಂಡೆ ಮಧ್ಯಾಹ್ನದ ಮೇಲೆ ಕೆಳಗಿನಿಂದ ಉಗಿ ಹೊಡೆದ ಹಾಗೆ ಸುಡುತ್ತದೆ. ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಚೆಂದ ಕಾಣುತ್ತದೆ ನಿಜ, ಆದರೆ ಹುಲ್ಲು ಸೊಂಟದವರೆಗೆ ಬೆಳೆದು ದಾರಿ ಮುಚ್ಚಿ ಹೋಗಿರುತ್ತದೆ, ಒದ್ದೆ ಬಂಡೆ ಮೇಲೆ ಪಾಚಿ ಕಟ್ಟಿರುತ್ತದೆ, ಕಾಲಿಡುವ ಜಾಗದಲ್ಲಿ ಏನಿದೆ ಅಂತಲೂ ಕಾಣುವುದಿಲ್ಲ. ಮೊದಲ ಸಲ ಹೋಗುವವರು ಮಳೆಗಾಲ ಬಿಟ್ಟುಬಿಡಿ.

ಯಾವ ತಿಂಗಳಾದರೂ ಬೆಳಗ್ಗೆ ಏಳಕ್ಕೆ ಊರಿನಲ್ಲಿರಿ. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ., ಹೊಸಪೇಟೆಯಿಂದ ಸುಮಾರು 35 ಕಿ.ಮೀ. ಹಂಪಿಯಲ್ಲೋ ಹೊಸಪೇಟೆಯಲ್ಲೋ ಉಳಿದು ನಸುಕಿನಲ್ಲೇ ಹೊರಟರೂ ಆಗುತ್ತದೆ. ಆದರೆ ಹಿಂದಿನ ರಾತ್ರಿ ಗಂಗಾವತಿಯಲ್ಲಿ ಉಳಿದರೆ ಬೆಳಗಿನ ಗಡಿಬಿಡಿ ಇರುವುದಿಲ್ಲ. ಬಸ್ಸಿನ ಹೊತ್ತು ನಂಬಿಕೊಂಡು ಕೂತರೆ ತಂಪಿನ ಎರಡು ಗಂಟೆ ಕಳೆದುಹೋಗುತ್ತದೆ. ಹಾಗಾಗಿ ಹೋಗುವಾಗ ಆಟೋ ಮಾಡಿಕೊಳ್ಳಿ, ಬರುವಾಗ ಬಸ್ಸಿಗೆ ಕಾದರೂ ನಡೆಯುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಫೋನಿನಲ್ಲಿ ಮ್ಯಾಪ್ ಇದೆ, ನಾವು ಎಷ್ಟೋ ಗುಡ್ಡ ಹತ್ತಿದ್ದೇವೆ ಅಂತ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಮೊದಲ ಸಲ ನಾವು ಮೂವರು ಗೆಳೆಯರು ನಾವೇ ಹೊರಟೆವು. ಹತ್ತುವಾಗ ಏನೂ ತೊಂದರೆ ಆಗಲಿಲ್ಲ. ಇಳಿಯುವಾಗ ಎಲ್ಲಾ ಬಂಡೆಗಳೂ ಒಂದೇ ಥರ ಕಾಣತೊಡಗಿದವು. ಒಂದು ದಾರಿ ಸ್ಪಷ್ಟವಾಗಿಯೇ ಕಾಣುತ್ತಿತ್ತು, ಅದನ್ನೇ ಹಿಡಿದು ಮುಕ್ಕಾಲು ಗಂಟೆ ನಡೆದ ಮೇಲೆ ಎರಡಾಳೆತ್ತರದ ಕಡಿದಾದ ಬಂಡೆಯ ತುದಿಗೆ ಬಂದು ನಿಂತೆವು. ನೀರು ಮುಗಿದಿತ್ತು. ಪುಣ್ಯಕ್ಕೆ ಕೆಳಗೆ ಒಬ್ಬ ಅಜ್ಜ ಆಡು ಮೇಯಿಸುತ್ತಿದ್ದ, ನಮ್ಮ ಕೂಗು ಕೇಳಿ ಸುತ್ತು ಹಾಕಿಕೊಂಡು ಮೇಲೆ ಬಂದ. "ಇದು ಆಡಿನ ದಾರಿ ಐತ್ರೀ, ಮನಷ್ಯಾರದಲ್ಲ" ಅಂದ. ವಾಪಸ್ ಕರೆದುಕೊಂಡು ಹೋಗುತ್ತಾ ವ್ಯತ್ಯಾಸವನ್ನೂ ತೋರಿಸಿದ. ನೆಲ ನೋಡಿದರೆ ಎರಡೂ ಒಂದೇ ಥರ ಸವೆದಿರುತ್ತವೆ, ಭುಜದ ಎತ್ತರಕ್ಕೆ ನೋಡಬೇಕು. ಆಡು ಪೊದೆಯ ಅಡಿಯಲ್ಲಿ ನುಸುಳುತ್ತದೆ, ಮೇಲೆ ಕೊಂಬೆಗಳು ಹಾಗೇ ಹೆಣೆದುಕೊಂಡಿರುತ್ತವೆ. ಮನುಷ್ಯರು ಓಡಾಡುವ ದಾರಿಯಲ್ಲಿ ಎದೆಯ ಮಟ್ಟಕ್ಕೆ ಕೊಂಬೆ ಮುರಿದಿರುತ್ತದೆ, ಕಡಿದ ಗುರುತು ಇರುತ್ತದೆ. ಆ ದಿನದಿಂದ ಯಾವ ಗುಡ್ಡಕ್ಕೆ ಹೋದರೂ ಇದನ್ನೇ ನೋಡುತ್ತೇನೆ. ಕೊಂಬೆ ಮುಖಕ್ಕೆ ತಾಗಲು ಶುರುವಾದರೆ ನಿಂತುಬಿಡಿ, ಕೊನೆಯ ಸಲ ದಾರಿ ಸರಿ ಅನ್ನಿಸಿದ ಜಾಗಕ್ಕೆ ಹಿಂದಿರುಗಿ.

ಜೊತೆಗಾರರನ್ನು ಹುಡುಕೋದು ಕಷ್ಟವೇನಲ್ಲ. ಊರಿನ ಚಹಾದಂಗಡಿಯಲ್ಲಿ ಕೂತು "ಮೋರ್ಯರ ಗುಡ್ಡಕ್ಕ ಹೋಗಬೇಕಿತ್ತರೀ, ಯಾರರ ಬರ್ತಾರೇನ್ರೀ" ಅಂತ ಕೇಳಿ. ಕುರಿ-ಆಡು ಮೇಯಿಸುವವರಿಗೆ ಗುಡ್ಡದ ಮೂಲೆಮೂಲೆ ಗೊತ್ತಿರುತ್ತದೆ. ಎಷ್ಟು ಕೊಡಬೇಕು ಅಂತ ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ, ಒಂದು ದಿನದ ಕೂಲಿಗಿಂತ ಕಡಿಮೆ ಕೊಡಬೇಡಿ. ನಿಮ್ಮ ಜೊತೆ ಬಂದರೆ ಅವರ ಆ ದಿನದ ಕೆಲಸ ಹೋಗುತ್ತದೆ. ಅವರಿಗೂ ಸೇರಿಸಿ ಬುತ್ತಿ ಕಟ್ಟಿಕೊಳ್ಳಿ. ಬೇಸಾಯದ ದಿನಗಳಲ್ಲಿ ಯಾರೂ ಸಿಗದೆ ಇರಬಹುದು, ಅಂಥ ದಿನ ಹತ್ತದೆ ವಾಪಸ್ ಬಂದರೂ ಪರವಾಗಿಲ್ಲ.

ಸಾಮಾನು ಜಾಸ್ತಿ ಬೇಡ, ನೀರು ಮಾತ್ರ ಜಾಸ್ತಿ ಬೇಕು. ಒಬ್ಬರಿಗೆ ಮೂರು ಲೀಟರ್. ಮೇಲೆ ಒಂದು ದೊಡ್ಡ ಹೊಂಡದಲ್ಲಿ ನೀರಿರುತ್ತದೆ, ಅದು ದನ, ಕಾಡುಪ್ರಾಣಿಗಳು ಕುಡಿಯುವ ನೀರು, ನಿಮಗಲ್ಲ. ಒಂದು ಪೊಟ್ಟಣ ಓಆರ್‌ಎಸ್ ಇರಲಿ. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಳೆಹಣ್ಣು ಸಾಕು, ಬಿಸಿಲಿಗೆ ಕೆಡುವುದೂ ಇಲ್ಲ. ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಹಾಕಿ. ಹೊಸ ಬೂಟನ್ನು ಅದೇ ದಿನ ಮೊದಲ ಸಲ ಹಾಕಬೇಡಿ. ಪೂರ್ತಿ ತೋಳಿನ ಅಂಗಿ, ದಪ್ಪ ಬಟ್ಟೆಯ ಪ್ಯಾಂಟ್ ಇರಲಿ. ದಾರಿಯ ಎರಡೂ ಕಡೆ ಕಾರೆ, ಜಾಲಿ, ಲಂಟಾನ. ಒಣಗಿದ ಹುಲ್ಲಿನ ಮುಳ್ಳಂತೂ ಕಾಲುಚೀಲದೊಳಗೆ ನುಗ್ಗಿ ದಿನವಿಡೀ ಚುಚ್ಚುತ್ತದೆ. ಟೊಪ್ಪಿಗೆ ಅಥವಾ ಟವೆಲ್, ಒಂದು ಕೋಲು, ಸಣ್ಣ ಟಾರ್ಚ್. ಸಂಜೆಯೊಳಗೆ ಇಳಿದುಬಿಡುತ್ತೇವಲ್ಲ ಅಂತ ಟಾರ್ಚ್ ಬಿಟ್ಟು ಹೋಗಬೇಡಿ, ಒಬ್ಬರ ಕಾಲು ಉಳುಕಿದರೂ ಸಾಕು, ಇಳಿಯುವ ಹೊತ್ತು ದುಪ್ಪಟ್ಟಾಗುತ್ತದೆ. ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಿ, ಗುಡ್ಡದ ಸಂದುಗಳಲ್ಲಿ ಸಿಗ್ನಲ್ ನಂಬುವ ಹಾಗಿಲ್ಲ.

ಮೊದಲು ಹೊಲದ ಬದುವಿನ ಮೇಲೆ ನಡಿಗೆ, ಆಮೇಲೆ ನಿಧಾನವಾಗಿ ಪೊದೆಗಳು ಒತ್ತಾಗುತ್ತವೆ, ಆಮೇಲೆ ಬಂಡೆ. ಪೂರ್ತಿ ಮೇಲೆ ಮುಟ್ಟಲು ಒಂದೂವರೆಯಿಂದ ಎರಡು ಗಂಟೆ ಹಿಡಿಯಿರಿ. ಬರೀ ಬಂಡೆ ಮೇಲೆ ಕಾಲುದಾರಿ ಕಾಣುವುದಿಲ್ಲ ಅನ್ನಿಸುತ್ತದೆ, ಆದರೆ ಕಾಣುತ್ತದೆ. ಬಂಡೆ ಮೇಲೆ ಕಪ್ಪಗೆ, ಬೂದಿ ಬಣ್ಣಕ್ಕೆ ಕಲ್ಲುಹೂವು ಬೆಳೆದಿರುತ್ತದೆ, ಜನ ತುಳಿದು ತುಳಿದು ಅದು ಸವೆದ ಕಡೆ ಬಂಡೆ ಸ್ವಲ್ಪ ತಿಳಿಯಾಗಿರುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಆ ಪಟ್ಟಿ ಚೆನ್ನಾಗಿ ಕಾಣುತ್ತದೆ. ಬಣ್ಣದ ಬಾಣದ ಗುರುತು ಕಂಡರೆ ಒಳ್ಳೆಯದೇ, ಆದರೆ ಮಳೆ ಬಿಸಿಲಿಗೆ ಬಣ್ಣ ಮಾಸುತ್ತದೆ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಪ್ರತಿ ತಿರುವಿನಲ್ಲೂ ಹಿಂದಿರುಗಿ ನೋಡಿ ಒಂದು ಫೋಟೋ ತೆಗೆದುಕೊಳ್ಳಿ. ಬರುವಾಗ ನಿಮಗೆ ಎದುರಾಗುವುದು ಆ ನೋಟವೇ, ಹೋಗುವಾಗ ಕಂಡದ್ದಲ್ಲ. ಇಳಿಜಾರು ಬಂಡೆಯಲ್ಲಿ ಪಾದ ಪೂರ್ತಿ ಊರಿ, ಬೆರಳ ತುದಿಯಲ್ಲಿ ಹತ್ತಬೇಡಿ. ಬಂಡೆ ಮೇಲೆ ಉದುರಿದ ಹರಳು ಮರಳು ಒದ್ದೆಗಿಂತ ಜಾಸ್ತಿ ಜಾರುತ್ತದೆ.

ಕಾಡುಪ್ರಾಣಿಗಳ ವಿಷಯ ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ತುಂಗಭದ್ರೆಯ ಎರಡೂ ದಂಡೆಯ ಬಂಡೆಗುಡ್ಡಗಳು ಕರಡಿಗಳ ಸೀಮೆ, ಹೊಳೆಯಾಚೆ ದರೋಜಿಯಲ್ಲಿ ಅವಕ್ಕಾಗಿಯೇ ಧಾಮ ಇದೆ. ಗಂಗಾವತಿ ಕಡೆ ಚಿರತೆಯೂ ಇದೆ. ಕರಡಿ ಸಂಜೆಯಿಂದ ನಸುಕಿನವರೆಗೆ ಓಡಾಡುತ್ತದೆ, ಹಗಲು ಬಂಡೆಯ ಗವಿಯಲ್ಲಿ ಮಲಗಿರುತ್ತದೆ. ಗುಡ್ಡದ ಮೇಲೆ ಬಂಡೆಗೆ ಬರೆದ ಬಣ್ಣದ ಚಿತ್ರಗಳೂ ಇವೆ, ನೀವು ನೋಡಲು ಹೋಗುವ ಆ ಚಿತ್ರಗಳು ಅಂಥ ಬಂಡೆಯ ಆಸರೆಗಳಲ್ಲೇ ಇರುತ್ತವೆ. ಹಾಗಾಗಿ ಯಾವುದೇ ಗವಿಯ ಹತ್ತಿರ ಹೋಗುವ ಮುಂಚೆ ಜೋರಾಗಿ ಮಾತಾಡಿ, ಕೋಲು ಬಂಡೆಗೆ ಬಡಿಯಿರಿ, ಜೊತೆಗೆ ಬಂದ ಊರಿನವರು ಮೊದಲು ನೋಡಲಿ. ಕತ್ತಲೆ ಗವಿಯೊಳಗೆ ಇಣುಕಬೇಡಿ. ಕರಡಿ ಎದುರಾದರೆ ಓಡಬೇಡಿ, ಕಣ್ಣಿಟ್ಟುಕೊಂಡೇ ನಿಧಾನವಾಗಿ ಹಿಂದೆ ಸರಿಯಿರಿ. ಮರಿ ಜೊತೆಗಿದ್ದರೆ ಇನ್ನೂ ದೂರ. ತಾಯಿ ಕರಡಿ ಮರಿಯನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ, ಅದು ಸಿಟ್ಟಾಗುವುದು ಬೇಗ.

ಕರಡಿಗಿಂತ ಹೆಜ್ಜೇನು ಹತ್ತಿರದ ಅಪಾಯ. ಚಾಚಿದ ಬಂಡೆಗಳ ಕೆಳಗೆ ತಟ್ಟೆ ಕಟ್ಟಿರುತ್ತದೆ. ಸೆಂಟು ಹಾಕಿಕೊಳ್ಳಬೇಡಿ, ಹೊಗೆ ಎಬ್ಬಿಸಬೇಡಿ, ಬೀಡಿ ಸಿಗರೇಟು ಕೂಡ ಬೇಡ. ಒಣ ಹುಲ್ಲಿಗೆ ಒಂದು ಕಿಡಿ ಬಿದ್ದರೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಹಾವಿಗೆ ಒಂದೇ ನಿಯಮ, ಕಣ್ಣಿಗೆ ಕಾಣದ ಕಡೆ ಕೈ ಕಾಲು ಇಡಬೇಡಿ. ಹತ್ತುವಾಗ ಬಂಡೆಯ ಮೇಲಂಚಿಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ. ಕಚ್ಚಿದರೆ ಕಟ್ಟು ಬಿಗಿಯೋದು, ಕೊಯ್ಯೋದು ಏನೂ ಮಾಡದೆ, ಆದಷ್ಟು ಅಲುಗಾಡಿಸದೆ ಹೊತ್ತುಕೊಂಡು ಇಳಿಸಿ, 108ಕ್ಕೆ ಫೋನ್ ಮಾಡಿ, ನೇರ ಗಂಗಾವತಿಯ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲಾ ದಾಟಿ ಮೇಲೆ ಬಂದಾಗ ಮೊದಲು ಸಿಗುವುದು ಸಣ್ಣ ಸಣ್ಣ ಕಲ್ಗೋರಿಗಳು. ಎಷ್ಟೋ ಜನ ಇವನ್ನು ಬಿದ್ದ ಕಲ್ಲು ಅಂದುಕೊಂಡು ದಾಟಿ ಹೋಗಿಬಿಡುತ್ತಾರೆ. ನಿಂತು ನೋಡಿ. ಒಂದು ದೊಡ್ಡ ಗುಂಡಿನ ಕೆಳಗೆ ಮೂರು-ನಾಲ್ಕು ಪುಟ್ಟ ಕಲ್ಲು ಕೊಟ್ಟು ಎತ್ತಿ ನಿಲ್ಲಿಸಿರುತ್ತಾರೆ. ಬಂಡೆಯ ಅಡಿಯ ಸಂದಿಗೆ ಕಲ್ಲು ಜೋಡಿಸಿ ಮುಚ್ಚಿದ್ದೂ ಇದೆ. ಮುಂದೆ ಹೋದರೆ ಗುಡ್ಡದ ನಡುವಿನ ಬಯಲಿನಲ್ಲಿ ದೊಡ್ಡ ಕಲ್ಗೋರಿಗಳು ಸಾಲಾಗಿ ಕಾಣುತ್ತವೆ. ಕೆಲವು ಎಂಟು-ಹತ್ತು ಅಡಿ ಎತ್ತರ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ನಾಲ್ಕನೆಯದಕ್ಕೆ ದುಂಡಗೆ ಕಿಂಡಿ ಕೊರೆದು, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಮನೆಯ ಹಾಗೇ ಕಾಣುತ್ತದೆ, ಅದಕ್ಕೇ ಕುಳ್ಳರ ಮನೆಯ ಕತೆ ಹುಟ್ಟಿತು. ಬಿದ್ದು ಹೋದವೂ ಬಹಳ ಇವೆ. ನಿಧಿ ಸಿಗುತ್ತದೆ ಅನ್ನೋ ಆಸೆ ಇಂಥ ಜಾಗಗಳನ್ನು ಬಹಳ ಹಾಳು ಮಾಡಿದೆ. ಇದು ನಿಧಿ ಹೂತಿಟ್ಟ ಜಾಗವಲ್ಲ, ಗೋರಿ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ, ನನಗೆ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಮೂರು ಸಾವಿರ ವರ್ಷದ ಹತ್ತಿರ ಹತ್ತಿರ ನಿಂತದ್ದನ್ನು ಒಂದು ರಾತ್ರಿಯಲ್ಲಿ ಕೆಡವುತ್ತಾರಲ್ಲ.

ಚಪ್ಪಡಿಯ ಅಂಚನ್ನು ಕೈ ತಾಗಿಸದೆ ಹತ್ತಿರದಿಂದ ನೋಡಿ. ಚಿಪ್ಪು ಚಿಪ್ಪಾಗಿ ಹಾರಿಸಿದ ಗುರುತು ಸಾಲಾಗಿ ಕಾಣುತ್ತದೆ, ಕಲ್ಲು ಹೊಡೆದು ಹೊಡೆದು ಅಂಚು ಸರಿ ಮಾಡಿದ್ದಾರೆ. ಕಲ್ಲನ್ನು ದೂರದಿಂದ ತಂದಿಲ್ಲ. ಬಿಸಿಲು ಚಳಿಗೆ ಇಲ್ಲಿನ ಬಂಡೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತದೆ, ಆ ಪದರಗಳನ್ನೇ ಎಬ್ಬಿಸಿ ಬಳಸಿದ್ದಾರೆ. ಆಗಲೇ ಹೇಳಿದ ನೀರಿನ ಹೊಂಡವೂ ಹೀಗೆ ಕಲ್ಲು ತೆಗೆದ ಜಾಗವೇ. ಊಟಕ್ಕೆ ಅದರ ದಂಡೆಯಲ್ಲಿ ಕೂತರೆ ಒಳ್ಳೆಯದು, ಗಾಳಿ ಬರುತ್ತದೆ. ಕೈ ಮುಖಕ್ಕೆ ಸೋಪು ಮಾತ್ರ ಬೇಡ.

ಇಲ್ಲಿ ಮಾಡಬಾರದ್ದನ್ನು ಖಡಕ್ಕಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೇಲಿನ ಚಪ್ಪಡಿ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ. ಅದಕ್ಕೆ ಗಾರೆ ಇಲ್ಲ, ಬರೀ ತೂಕದ ಮೇಲೆ ನಿಂತಿದೆ. ಕಿಂಡಿಯೊಳಗೆ ಮಕ್ಕಳನ್ನು ನುಗ್ಗಿಸಬೇಡಿ. ಸುತ್ತಲಿನ ಸಣ್ಣ ಕಲ್ಲು ಎತ್ತಿ ಒಂದರ ಮೇಲೊಂದು ಪೇರಿಸಿ ಆಟ ಆಡುವುದು ಈಗ ಎಲ್ಲಾ ಕಡೆ ಶುರುವಾಗಿದೆ, ಇಲ್ಲಿ ಅದನ್ನು ಖಂಡಿತ ಮಾಡಬೇಡಿ, ನೀವು ಎತ್ತಿದ ಮುಷ್ಟಿಗಾತ್ರದ ಕಲ್ಲೇ ಆ ದೊಡ್ಡ ಗುಂಡನ್ನು ಹಿಡಿದು ನಿಲ್ಲಿಸಿದ ಒತ್ತುಗಲ್ಲು ಆಗಿರಬಹುದು. ಮಡಕೆ ಚೂರು ಕಂಡರೆ ಫೋಟೋ ತೆಗೆದು ಅಲ್ಲೇ ಬಿಡಿ. ಇದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ತಾಣ, ಹಾಳು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಂತ ಕಾನೂನೇ ಇದೆ.

ನಗಾರಿ ಗುಂಡು ನೋಡದೆ ಬರಬೇಡಿ. ಸುಮಾರು ಹತ್ತು ಮೀಟರ್ ಎತ್ತರದ ಬಂಡೆಯ ತಲೆಯ ಮೇಲೆ ಅರ್ಧ ಗೋಳದ ಹಾಗೆ ಕಡೆದ ಕಲ್ಲು ಕೂತಿದೆ, ಅಡ್ಡಳತೆ ಎರಡು ಮೀಟರ್ ಹತ್ತಿರ. ಬಡಿದರೆ ನಗಾರಿಯ ಹಾಗೆ ಮೊಳಗುತ್ತದೆ, ಒಂದು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ ಅನ್ನುತ್ತಾರೆ. ಜನರನ್ನು ಕೂಡಿಸಲೋ, ಅಪಾಯ ಬಂತು ಅಂತ ಎಚ್ಚರಿಸಲೋ ಬಳಸಿರಬೇಕು. ಬಂದವರಿಗೆಲ್ಲ ಬಡಿಯುವ ಆಸೆ ಆಗುತ್ತದೆ, ನನಗೂ ಆಯಿತು. ಆದರೆ ಮೇಲೆ ಹತ್ತುವ ದಾರಿ ಅಪಾಯದ್ದು, ಕಲ್ಲಿನಿಂದ ಕಲ್ಲಿಗೆ ಹೊಡೆದರೆ ಚಕ್ಕೆ ಹಾರುತ್ತದೆ. ಕೆಳಗಿನಿಂದ ನೋಡಿ ಬನ್ನಿ.

ಬಂಡೆಯ ಆಸರೆಗಳಲ್ಲಿ ಕೆಂಪು ಕಾವಿಯಲ್ಲಿ ಬರೆದ ಚಿತ್ರಗಳಿವೆ. ಕೈ ಕೈ ಹಿಡಿದು ಕುಣಿಯುವವರು, ಬೇಟೆ, ಜಿಂಕೆ, ಕುದುರೆ, ದನ. ಒಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ. ಐದು ನಿಮಿಷ ಸುಮ್ಮನೆ ಕೂತರೆ ಕಣ್ಣು ಹೊಂದಿಕೊಂಡು ಒಂದೊಂದೇ ಮೇಲೇಳುತ್ತವೆ, ಆ ಐದು ನಿಮಿಷಕ್ಕಾಗಿಯೇ ನಾನು ಮತ್ತೆ ಮತ್ತೆ ಹೋಗುತ್ತೇನೆ. ಚೆನ್ನಾಗಿ ಕಾಣಲಿ ಅಂತ ಕೆಲವರು ನೀರು ಚಿಮುಕಿಸುತ್ತಾರೆ. ಆ ಕ್ಷಣಕ್ಕೆ ಬಣ್ಣ ಗಾಢವಾಗುತ್ತದೆ ನಿಜ, ಆದರೆ ನೀರು ಒಣಗುವಾಗ ಉಪ್ಪಿನಂಶ ಮೇಲೆ ಕಟ್ಟಿ ಚಿತ್ರ ಶಾಶ್ವತವಾಗಿ ಮಸುಕಾಗುತ್ತದೆ. ನೀರು ಬೇಡ, ಕೈ ಬೇಡ, ಫ್ಲ್ಯಾಶ್ ಬೇಡ. ಫೋಟೋ ತೆಗೆದು ಆಮೇಲೆ ಫೋನಿನಲ್ಲೇ ಬಣ್ಣ ಹೆಚ್ಚಿಸಿ ನೋಡಿದರೆ ಕಣ್ಣಿಗೆ ಕಾಣದ ಗೆರೆಗಳೂ ಎಷ್ಟೋ ಸಲ ಎದ್ದು ಬರುತ್ತವೆ.

ಎಲ್ಲಾ ನೋಡಲು ಮೂರು ಗಂಟೆ ಬೇಕು. ಏಳಕ್ಕೆ ಊರು ಬಿಟ್ಟರೆ ಒಂಬತ್ತಕ್ಕೆ ಮೇಲೆ, ಹನ್ನೆರಡಕ್ಕೆ ಇಳಿಯಲು ಶುರು ಮಾಡಿ. ಏನೇ ನೋಡುವುದು ಬಾಕಿ ಇದ್ದರೂ ಆ ಹೊತ್ತು ಮೀರಿಸಬೇಡಿ. ಓರೆ ಬೆಳಕಿಗೆ ಫೋಟೋ ಬೇಕು ಅಂತ ಮಧ್ಯಾಹ್ನ ಹತ್ತಿ ಸಂಜೆ ಇಳಿಯುವವರೂ ಇದ್ದಾರೆ, ಊರಿನವರು ಜೊತೆಗಿಲ್ಲದೆ ಅದು ಬೇಡ, ಮತ್ತು ಅವರು "ಲಗೂನ ಇಳೀರಿ, ಹೊತ್ತಾತು" ಅಂದಾಗ ಇನ್ನೊಂದೇ ಫೋಟೋ ಅನ್ನಬೇಡಿ. ಇಳಿಯುವಾಗ ಮಂಡಿಗೆ ಭಾರ ಜಾಸ್ತಿ ಬೀಳುತ್ತದೆ, ಕೋಲು ಆಗ ಕೆಲಸಕ್ಕೆ ಬರುತ್ತದೆ. ಪ್ಲಾಸ್ಟಿಕ್ ಎಲ್ಲಾ ನಿಮ್ಮ ಚೀಲದಲ್ಲೇ ವಾಪಸ್ ಬರಲಿ, ಮುಂಚೆ ಬಂದವರು ಬಿಟ್ಟ ಎರಡು ಬಾಟಲಿಗೂ ಜಾಗ ಇರಲಿ.

ಕೆಳಗೆ ಬಂದ ಮೇಲೆ ಬೆಳಗ್ಗೆ ಚಹಾ ಕುಡಿದ ಅಂಗಡಿಯಲ್ಲೇ ಕೂರಿ. ಮಿರ್ಚಿ ಮಂಡಕ್ಕಿ ತಿನ್ನಿ. ಎಲ್ಲರೂ ಇಳಿದಿದ್ದೀರಿ ಅಂತ ಊರಿನವರಿಗೆ ಗೊತ್ತಾಗಲಿ, ಇಲ್ಲದಿದ್ದರೆ ಯಾರಾದರೂ ಹುಡುಕಲು ಹತ್ತುತ್ತಾರೆ. ಇನ್ನೂ ಅರ್ಧ ದಿನ, ಸ್ವಲ್ಪ ತ್ರಾಣ ಉಳಿದಿದ್ದರೆ ಕೊಪ್ಪಳದ ಗವಿಮಠಕ್ಕೆ ಹೋಗಿ. ಅಲ್ಲಿ ಬಂಡೆಯ ಮೇಲೆ ಅಶೋಕನ ಶಾಸನ ಇದೆ, ಕ್ರಿ.ಪೂ. ಮೂರನೆಯ ಶತಮಾನದ್ದು. ಅದನ್ನು ಕೆತ್ತುವ ಕಾಲಕ್ಕೆ ನೀವು ಬೆಳಗ್ಗೆ ನೋಡಿದ ಗುಡ್ಡದ ಮೇಲೆ ಇನ್ನೂ ಯಾರೋ ಚಪ್ಪಡಿ ಎಬ್ಬಿಸುತ್ತಿದ್ದಿರಬಹುದು.